ಹಳೇ ರ‍್ಯಾಮ್ ಇಟ್ಟುಕೊಂಡು ಪ್ರೊಸೆಸರ್ ಮಾತ್ರ ಬದಲಿಸಬಹುದೇ?

ಪ್ರಶ್ನೆ: ಸರ್, ಮೂಡಿಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಮದುವೆ ಕಾರ್ಡು, ಬ್ಯಾನರು, ಪಾಸ್‌ಪೋರ್ಟ್ ಫೋಟೋ, ಪಹಣಿ ಪ್ರಿಂಟು, ಸೇವಾಸಿಂಧು ಅರ್ಜಿ, ಇಷ್ಟೇ ಕೆಲಸ. ಸಿಸ್ಟಮ್ 2014ರಲ್ಲಿ ಜೋಡಿಸಿದ್ದು: ಇಂಟೆಲ್ ಐ3-4130, ಎಚ್81 ಬೋರ್ಡ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಬೆಳಿಗ್ಗೆ ಆನ್ ಮಾಡಿ, ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತೆ. ಕೋರೆಲ್‌ಡ್ರಾ, ಫೋಟೋಶಾಪ್ ಒಟ್ಟಿಗೆ ತೆರೆದರೆ ಹ್ಯಾಂಗ್. ಒಬ್ಬರು ಸೆಕೆಂಡ್‌ಹ್ಯಾಂಡ್ ಐ7-4790 ಹಾಕಿಕೊಡ್ತೀನಿ, ರ‍್ಯಾಮ್ ಅದೇ ಇರಲಿ ಅಂತಾರೆ. ಇನ್ನೊಬ್ಬರು ಹಳೇ ರ‍್ಯಾಮ್‌ಗೆ ಐ7 ಹಾಕಿದರೆ ರ‍್ಯಾಮ್ ಸುಟ್ಟುಹೋಗುತ್ತೆ, ಪೂರ್ತಿ ಸೆಟ್ಟೇ ಬದಲಿಸಿ ಅಂತಾರೆ. ರ‍್ಯಾಮ್ ರೇಟ್ ಈಗ ಕೇಳೋ ಹಾಗಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಐ7-4790 ನಿಮ್ಮ ರ‍್ಯಾಮ್ ಜೊತೆ ಕೆಲಸ ಮಾಡುತ್ತದೆ. ರ‍್ಯಾಮ್ ಸುಡುವುದಿಲ್ಲ. ಆದರೆ ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ ತೊಂದರೆ ಇರುವುದು ಪ್ರೊಸೆಸರ್‌ನಲ್ಲಿ ಅಲ್ಲ ಅನಿಸುತ್ತದೆ. ಹಾಗಾಗಿ ಐ7ಗೆ ದುಡ್ಡು ಕೊಡುವ ಮೊದಲು ಸ್ವಲ್ಪ ತಡೆಯಿರಿ.

ಮೊದಲು ಸುಡುವ ವಿಚಾರ. ರ‍್ಯಾಮ್ ಯಾವುದಿರಬೇಕು, ಯಾವ ವೇಗದಲ್ಲಿ ಓಡಬೇಕು ಎಂಬುದನ್ನು ಹಿಂದೆ ಬೋರ್ಡ್ ಮೇಲಿನ ಬೇರೆ ಚಿಪ್ ನೋಡಿಕೊಳ್ಳುತ್ತಿತ್ತು. ಪ್ರೊಸೆಸರ್ ತಯಾರಿಸುವ ಎಎಂಡಿ ಕಂಪನಿ 2003ರಲ್ಲಿ, ಇಂಟೆಲ್ 2008ರಲ್ಲಿ ಆ ಕೆಲಸವನ್ನು ಪ್ರೊಸೆಸರ್ ಒಳಗೇ ತಂದವು. ಆದ್ದರಿಂದ ರ‍್ಯಾಮ್ ಹೊಂದುತ್ತದೋ ಇಲ್ಲವೋ ಎಂದು ಕೇಳಬೇಕಾದದ್ದು ಪ್ರೊಸೆಸರನ್ನೇ. ನಿಮ್ಮ ಐ3-4130 ಮತ್ತು ಅವರು ಹೇಳುತ್ತಿರುವ ಐ7-4790 ಎರಡೂ ಇಂಟೆಲ್‌ನ ನಾಲ್ಕನೇ ಪೀಳಿಗೆಯವು. ಎರಡಕ್ಕೂ ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) 1150. ಎರಡೂ ಡಿಡಿಆರ್3 ರ‍್ಯಾಮನ್ನು 1333 ಅಥವಾ 1600ರ ವೇಗದಲ್ಲಿ ಓಡಿಸುತ್ತವೆ. ರ‍್ಯಾಮ್‌ಗೆ ಹೋಗುವ ವೋಲ್ಟೇಜ್ ಕೂಡ ಮೊದಲಿನ 1.5 ವೋಲ್ಟೇ. ಪ್ರೊಸೆಸರ್ ಬದಲಾಯಿತೆಂದು ರ‍್ಯಾಮ್‌ಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? 2015ರಲ್ಲಿ ಬಂದ ಆರನೇ ಪೀಳಿಗೆಯ ಇಂಟೆಲ್ ಪ್ರೊಸೆಸರ್‌ಗಳು ಡಿಡಿಆರ್4 ಜೊತೆಗೆ ಡಿಡಿಆರ್3ಎಲ್ ಎಂಬ 1.35 ವೋಲ್ಟ್‌ನ ರ‍್ಯಾಮನ್ನೂ ಒಪ್ಪುತ್ತಿದ್ದವು. ಕೆಲವು ಬೋರ್ಡ್ ಕಂಪನಿಗಳು 1.5 ವೋಲ್ಟ್‌ನ ಹಳೇ ಡಿಡಿಆರ್3 ಕೂಡ ಹಾಕಬಹುದು ಎಂದವು. ಹೆಚ್ಚಿನ ವೋಲ್ಟೇಜಿನಲ್ಲಿ ಬಹುಕಾಲ ಓಡಿಸಿದರೆ ಪ್ರೊಸೆಸರ್‌ಗೆ ಪೆಟ್ಟು ಬೀಳಬಹುದು ಎಂದು ಇಂಟೆಲ್ ಎಚ್ಚರಿಸಿತು. ಅಲ್ಲೂ ಅಪಾಯ ಇದ್ದದ್ದು ಪ್ರೊಸೆಸರ್‌ಗೇ ಹೊರತು ರ‍್ಯಾಮ್‌ಗಲ್ಲ, ಅದೂ ನಿಮ್ಮ ಪೀಳಿಗೆಯದ್ದಕ್ಕಲ್ಲ. ಬಾಯಿಂದ ಬಾಯಿಗೆ ಬರುವಾಗ ಕಥೆ ತಿರುಗಿ ರ‍್ಯಾಮ್ ಸುಡುತ್ತದೆ ಎಂದಾಗಿರಬೇಕು.

ಇನ್ನೊಂದು ಭಯವೂ ಇರುತ್ತದೆ: ರ‍್ಯಾಮ್ ಹಳೆಯದಾದ್ದರಿಂದ ಐ7 ಪೂರ್ತಿ ಶಕ್ತಿಯಲ್ಲಿ ಓಡುವುದಿಲ್ಲವಂತೆ ಅಂತ. ನಿಮ್ಮ ಬಳಿ ಎರಡು ಕಡ್ಡಿಗಳಿವೆ. ಎರಡೂ ಸ್ಲಾಟ್ ತುಂಬಿದ್ದರೆ ಡ್ಯುಯಲ್ ಚಾನೆಲ್ ಆಗಿ, 1600ರಲ್ಲಿ ಸೆಕೆಂಡಿಗೆ 25.6 ಜಿಬಿ ಹರಿಯುವಷ್ಟು ದಾರಿ ಸಿಗುತ್ತದೆ. ನಿಮ್ಮ ಕೆಲಸಕ್ಕೆ ಅದು ಬೇಕಾದಷ್ಟಾಯಿತು. ಒಂದನ್ನು ಕಿತ್ತರೆ ಮಾತ್ರ ದಾರಿ ಅರ್ಧಕ್ಕಿಳಿಯುತ್ತದೆ.

ಈಗ ಅಸಲಿಗೆ ಬರೋಣ. ನಾಳೆ ಬೆಳಿಗ್ಗೆ ಅಂಗಡಿ ತೆರೆದು ಸಿಸ್ಟಮ್ ಆನ್ ಮಾಡಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಕಡೆ ಸಿಪಿಯು, ಮೆಮೊರಿ, ಡಿಸ್ಕ್ ಮೂರರದ್ದೂ ಗೆರೆಗಳು ಓಡುತ್ತಿರುತ್ತವೆ. ಅದನ್ನು ತೆರೆದಿಟ್ಟೇ ಮಾಮೂಲಿನಂತೆ ಕೋರೆಲ್ ತೆರೆಯಿರಿ, ಫೋಟೋಶಾಪ್ ತೆರೆಯಿರಿ, ಒಂದು ಬ್ಯಾನರ್ ಫೈಲ್ ಎಳೆಯಿರಿ. ಹ್ಯಾಂಗ್ ಆದ ಆ ಕ್ಷಣದಲ್ಲಿ ಯಾವ ಗೆರೆ ನೆತ್ತಿಗೆ ತಗುಲಿದೆ ನೋಡಿ. ಸಿಪಿಯು ನೂರಕ್ಕೆ ನಿಂತಿದ್ದರೆ ಪ್ರೊಸೆಸರ್ ಸಾಲದು. ಮೆಮೊರಿ ತೊಂಬತ್ತು ದಾಟಿದ್ದರೆ ರ‍್ಯಾಮ್ ಸಾಲದು. ಸಿಪಿಯು ಹದಿನೈದು, ಇಪ್ಪತ್ತರಲ್ಲಿ ಆಡುತ್ತಾ ಡಿಸ್ಕ್ ಮಾತ್ರ ನೂರಕ್ಕೆ ಅಂಟಿಕೊಂಡಿದ್ದರೆ ಐ7 ಅಲ್ಲ, ಐ9 ತಂದರೂ ನಿಮ್ಮ ಬೆಳಗಿನ ಕಾಯುವಿಕೆ ಕಡಿಮೆಯಾಗುವುದಿಲ್ಲ.

ಚಿಕ್ಕಮಗಳೂರಿನ ನನ್ನ ಸರ್ವೀಸ್ ಟೇಬಲ್‌ಗೆ ಬರುವ ಈ ವಯಸ್ಸಿನ ಸಿಸ್ಟಮ್‌ಗಳಲ್ಲಿ ಹೆಚ್ಚಿನವುಗಳ ಕಥೆ ಮೂರನೆಯದೇ. ಹಾರ್ಡ್‌ಡಿಸ್ಕ್ ಒಳಗೆ ಒಂದು ತಟ್ಟೆ ತಿರುಗುತ್ತಿರುತ್ತದೆ, ಅದರ ಮೇಲೆ ಒಂದು ಮುಳ್ಳು ಓಡಾಡುತ್ತಿರುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ಮುಳ್ಳು ಹೋಗಿ, ಬೇಕಾದ ಭಾಗ ತಿರುಗಿ ಅದರಡಿ ಬರಲು ಸುಮಾರು ಹತ್ತು ಮಿಲಿಸೆಕೆಂಡ್. ಅಂದರೆ ಚದುರಿದ ಸಣ್ಣ ಫೈಲುಗಳಾದರೆ ಸೆಕೆಂಡಿಗೆ ನೂರರ ಆಸುಪಾಸು ಓದುತ್ತದೆ, ಅಷ್ಟೇ. ವಿಂಡೋಸ್ ಏಳುವಾಗ, ಕೋರೆಲ್ ತನ್ನ ಫಾಂಟ್‌ಗಳನ್ನೆಲ್ಲ ಎಣಿಸುವಾಗ ಓದುವುದು ಇಂಥ ಸಾವಿರಾರು ಚೂರುಗಳನ್ನೇ. ಡಿಟಿಪಿಯವರ ಸಿಸ್ಟಮ್‌ನಲ್ಲಿ ಕನ್ನಡ ಫಾಂಟ್‌ಗಳು ಎಷ್ಟಿರುತ್ತವೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಎಸ್‌ಎಸ್‌ಡಿಯಲ್ಲಿ, ಅಂದರೆ ಹಾರ್ಡ್‌ಡಿಸ್ಕ್ ಬದಲಿಗೆ ಹಾಕುವ ಚಿಪ್‌ಗಳ ಡಿಸ್ಕ್‌ನಲ್ಲಿ, ತಿರುಗುವ ತಟ್ಟೆಯೇ ಇಲ್ಲ. ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಗಟ್ಟಲೆ ಲೆಕ್ಕದಲ್ಲಿ ಮುಗಿಸುತ್ತದೆ.

ರ‍್ಯಾಮ್ ತುಂಬಿದಾಗಲೂ ಹೊಡೆತ ಬೀಳುವುದು ಹಾರ್ಡ್‌ಡಿಸ್ಕ್‌ಗೇ. ಜಾಗ ಸಾಲದಾಗ ವಿಂಡೋಸ್ ಸ್ವಲ್ಪ ಸರಕನ್ನು ಡಿಸ್ಕ್ ಮೇಲಿನ ಪೇಜ್ ಫೈಲ್‌ಗೆ ಸಾಗಿಸುತ್ತದೆ. ಕೋರೆಲ್‌ನಿಂದ ಫೋಟೋಶಾಪ್‌ಗೆ ಹಾರಿದಾಗ ಮೌಸ್ ಮಾತ್ರ ಅಲ್ಲಾಡಿ ಉಳಿದದ್ದೆಲ್ಲ ನಿಂತುಬಿಡುತ್ತದಲ್ಲ, ಅದು ಬಹುಮಟ್ಟಿಗೆ ಈ ಸಾಗಾಟವೇ.

ಐ7 ಹಾಕಿದರೆ ನಿಜವಾಗಿ ಏನು ಸಿಗುತ್ತದೆ ಎಂದು ಲೆಕ್ಕ ಹಾಕಿಬಿಡೋಣ. ನಿಮ್ಮ ಐ3ರಲ್ಲಿ ಎರಡು ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು), ವೇಗ 3.4 ಗಿಗಾಹರ್ಟ್ಸ್, ಟರ್ಬೊ (ಬೇಕಾದಾಗ ತಾನೇ ವೇಗ ಏರಿಸಿಕೊಳ್ಳುವುದು) ಇಲ್ಲ. ಐ7-4790ರಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್, 3.6ರಿಂದ ಟರ್ಬೊದಲ್ಲಿ 4.0ವರೆಗೆ. ಒಳಗಿನ ವಿನ್ಯಾಸ ಒಂದೇ ಆದ್ದರಿಂದ ಒಂದೇ ಕೋರ್ ಬಳಸುವ ಕೆಲಸದಲ್ಲಿ ವ್ಯತ್ಯಾಸ ಹೆಚ್ಚೆಂದರೆ ಶೇಕಡಾ 18ರ ಹತ್ತಿರ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದು, ಕೋರೆಲ್‌ನಲ್ಲಿ ಅಕ್ಷರ ಜೋಡಿಸುವುದು, ಬ್ರೌಸರ್‌ನಲ್ಲಿ ಅರ್ಜಿ ತುಂಬುವುದು ಬಹುಪಾಲು ಈ ಬಗೆಯವು. ಅಷ್ಟು ವ್ಯತ್ಯಾಸ ಕೈಗೆ ಗೊತ್ತೂ ಆಗುವುದಿಲ್ಲ. ಮದುವೆ ವಿಡಿಯೋ ರೆಂಡರ್ ಮಾಡುವವರಿಗೆ, ಫೋಟೋಶಾಪ್‌ನಲ್ಲಿ ದೊಡ್ಡ ಫೈಲಿಗೆ ಭಾರಿ ಫಿಲ್ಟರ್ ಹಾಕುವವರಿಗೆ ನಾಲ್ಕು ಕೋರ್ ಕೆಲಸಕ್ಕೆ ಬರುತ್ತವೆ. ಸಮಯ ಅರ್ಧದಷ್ಟು ಉಳಿದರೂ ಆಶ್ಚರ್ಯವಿಲ್ಲ. ನೀವು ಬರೆದ ಪಟ್ಟಿಯಲ್ಲಿ ವಿಡಿಯೋ ಇಲ್ಲ.

ಹಾಗಾಗಿ ನಾನಾದರೆ ಮೊದಲು ಎಸ್‌ಎಸ್‌ಡಿಗೆ ಖರ್ಚು ಮಾಡುತ್ತೇನೆ. ನಿಮ್ಮ ಬೋರ್ಡ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಆಗಬೇಕು. ಉದ್ದನೆಯ ಚೂಯಿಂಗ್‌ಗಮ್ ಪಟ್ಟಿಯಂಥ ಎನ್‌ವಿಎಂಇ ಮಾದರಿ ತರಬೇಡಿ. ಎಚ್81 ಬೋರ್ಡ್‌ನ ಸಾಟಾ ಪೋರ್ಟ್‌ಗಳಲ್ಲಿ ಎರಡು ಮಾತ್ರ 6 ಗಿಗಾಬಿಟ್‌ನವು, ಉಳಿದವು 3ರವು. ಪೋರ್ಟ್ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಎಷ್ಟೋ ಬೋರ್ಡ್‌ಗಳಲ್ಲಿ ಬಣ್ಣವೂ ಬೇರೆ. ಎಸ್‌ಎಸ್‌ಡಿಯನ್ನು 6ರದ್ದಕ್ಕೆ, ಹಳೇ ಹಾರ್ಡ್‌ಡಿಸ್ಕನ್ನು ಯಾವುದಕ್ಕಾದರೂ ಹಾಕಿ. ಆದರೆ ಇದನ್ನೆಲ್ಲ ಮುಟ್ಟುವ ಮೊದಲು ಗಿರಾಕಿಗಳ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಹತ್ತು ವರ್ಷ ದಾಟಿದ ಡಿಸ್ಕ್ ಸ್ಲೋ ಆಗಿದ್ದು ವಯಸ್ಸಿಗೋ, ಸಾಯುವ ಮುನ್ಸೂಚನೆಗೋ ಹೇಳಲಾಗದು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ಹಳದಿ ಬಣ್ಣದಲ್ಲಿ ಕಾಷನ್ ಎಂದು ಬಂದರೆ ಆ ಡಿಸ್ಕ್ ಮೇಲೆ ಇನ್ನು ಏನನ್ನೂ ನಂಬಿ ಇಡಬೇಡಿ.

ಇನ್ನು ರ‍್ಯಾಮ್. ಎಚ್81ರಲ್ಲಿ ಎರಡೇ ಸ್ಲಾಟ್, ಗರಿಷ್ಠ 16 ಜಿಬಿ. ಅಂದರೆ ಹೆಚ್ಚಿಸಬೇಕೆಂದರೆ ಇರುವ 4 ಜಿಬಿಯದನ್ನು ತೆಗೆದು 8 ಜಿಬಿಯದನ್ನು ಕೂರಿಸಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಗೆರೆ ಮೇಲಕ್ಕೆ ಅಂಟಿದ್ದರೆ ಮಾತ್ರ ಈ ಕೆಲಸ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ 8 ಜಿಬಿ ಡಿಡಿಆರ್3 ಕಡ್ಡಿಗಳಲ್ಲಿ ಎರಡು ಬಗೆಯವನ್ನು ಬಿಡಿ. ಒಂದು, ಎಎಂಡಿ ಬೋರ್ಡ್‌ಗೆ ಮಾತ್ರ ಎಂದು ಮೂಲೆಯಲ್ಲಿ ಬರೆದಿರುವಂಥದ್ದು. ಅದು ಇಂಟೆಲ್ ಬೋರ್ಡ್‌ನಲ್ಲಿ ಏಳುವುದಿಲ್ಲ. ಇನ್ನೊಂದು, ಹಳೇ ಸರ್ವರ್‌ನಿಂದ ಕಿತ್ತ ರಿಜಿಸ್ಟರ್ಡ್ ರ‍್ಯಾಮ್; ಅದೂ ನಿಮ್ಮ ಬೋರ್ಡ್‌ಗೆ ನಡೆಯದು.

ನಿಮ್ಮ ಕಡೆಯ ಮಳೆಯ ಬಗ್ಗೆ ಒಂದು ಮಾತು. ಜೂನ್ ಹಿಡಿಯಿತೆಂದರೆ ಮೂಡಿಗೆರೆ, ಕೊಟ್ಟಿಗೆಹಾರ, ಕೊಪ್ಪದ ಕಡೆಯಿಂದ ಡಿಸ್‌ಪ್ಲೇ ಬರ್ತಿಲ್ಲ, ಬೀಪ್ ಬೀಪ್ ಅಂತಿದೆ, ರ‍್ಯಾಮ್ ಹೋಗಿದೆಯಂತೆ ಎಂದು ಸಿಸ್ಟಮ್‌ಗಳು ಬರಲು ಶುರು. ಬಹಳ ಸಲ ಹೋಗಿರುವುದಿಲ್ಲ. ಥಂಡಿಗೆ ಕಡ್ಡಿಯ ಚಿನ್ನದ ಬಣ್ಣದ ಅಂಚು ಮಂಕಾಗಿರುತ್ತದೆ. ಕರೆಂಟ್ ತೆಗೆದು, ಕಡ್ಡಿ ಬಿಚ್ಚಿ, ಆ ಅಂಚನ್ನು ಬಿಳೀ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಬದಿಯ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ರ‍್ಯಾಮ್ ಹೋಗಿದೆ ಎಂದು ಯಾರಾದರೂ ಹೇಳಿದರೆ ಮೊದಲು ಇದಾಗಿದೆಯಾ ಕೇಳಿ.

ಎಸ್‌ಎಸ್‌ಡಿ ಹಾಕಿದ ಮೇಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ನೂರಕ್ಕೆ ಹೋಗಿ ನಿಲ್ಲುತ್ತಿದೆ ಅನ್ನಿ. ಆಗ ಪ್ರೊಸೆಸರ್ ಬದಲಿಸುವುದರಲ್ಲಿ ಅರ್ಥವಿದೆ, ರ‍್ಯಾಮ್ ಹಾಗೇ ಇರಲಿ. ಅಲ್ಲಿ ಎಡವುವ ಜಾಗಗಳು ಬೇರೆ.

ದೊಡ್ಡದು ಬಯಾಸ್, ಅಂದರೆ ಸಿಸ್ಟಮ್ ಆನ್ ಆದಾಗ ಮೊದಲು ಓಡುವ, ಬೋರ್ಡ್ ಮೇಲಿನ ಒಂದು ಚಿಪ್ಪಿನಲ್ಲಿರುವ ತಂತ್ರಾಂಶ. ಐ3-4130 ಬಂದದ್ದು 2013ರಲ್ಲಿ. ಐ7-4790 ಬಂದದ್ದು 2014ರಲ್ಲಿ, ಅದೇ ಪೀಳಿಗೆಯ ಪರಿಷ್ಕೃತ ಸರಣಿಯಾಗಿ. ಮೊದಲು ತಯಾರಾದ ಎಚ್81 ಬೋರ್ಡ್‌ಗಳ ಬಯಾಸ್‌ಗೆ ಈ ಹೊಸದರ ಪರಿಚಯವೇ ಇರುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗಿರುತ್ತದೆ, ಮಾರಿದವನು ಕೆಟ್ಟ ಪ್ರೊಸೆಸರ್ ಕೊಟ್ಟ ಎಂದು ಜಗಳ. ವಿಂಡೋಸ್‌ನ ಸರ್ಚ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ನಿಮ್ಮ ಬೋರ್ಡಿನ ಹೆಸರು, ಬಯಾಸ್‌ನ ಆವೃತ್ತಿ, ದಿನಾಂಕ ಎಲ್ಲ ಕಾಣಿಸುತ್ತದೆ. ಬೋರ್ಡ್ ಕಂಪನಿಯ ಜಾಲತಾಣದಲ್ಲಿ ಅದೇ ಮಾದರಿಯ ಸಿಪಿಯು ಸಪೋರ್ಟ್ ಪಟ್ಟಿ ಇರುತ್ತದೆ. ಪ್ರತಿ ಪ್ರೊಸೆಸರ್ ಎದುರಿಗೆ ಯಾವ ಬಯಾಸ್‌ನಿಂದ ನಡೆಯುತ್ತದೆ ಎಂದು ಬರೆದಿರುತ್ತಾರೆ. ಬೋರ್ಡ್ ಮೂಲೆಯಲ್ಲಿ ಅಚ್ಚಾದ ರಿವಿಷನ್ ಸಂಖ್ಯೆಯನ್ನೂ ನೋಡಿಕೊಳ್ಳಿ, ಒಂದೇ ಹೆಸರಿನ ಎರಡು ರಿವಿಷನ್‌ಗೆ ಬೇರೆ ಬೇರೆ ಫೈಲ್ ಇರಬಹುದು. ಅಪ್‌ಡೇಟ್ ಮಾಡುವುದು ಹಳೇ ಐ3 ಇರುವಾಗಲೇ, ಯುಪಿಎಸ್ ಮೇಲೆ ಇಟ್ಟೇ. ಮಳೆಗಾಲದ ಸಂಜೆ ಯುಪಿಎಸ್ ಬ್ಯಾಟರಿ ಇಳಿದಿರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಬರೆಯುತ್ತಿರುವಾಗ ನಡುವೆ ಕರೆಂಟ್ ಹೋದರೆ ಬೋರ್ಡ್ ಮಲಗಿಬಿಡುತ್ತದೆ, ಆ ಚಿಪ್ಪನ್ನು ಬಿಚ್ಚಿ ಪ್ರೋಗ್ರಾಮರ್‌ನಲ್ಲಿ ಮತ್ತೆ ಬರೆಸಬೇಕಾಗುತ್ತದೆ. ಅಪ್‌ಡೇಟ್ ಬೇಡವೇ ಬೇಡ ಎಂದರೆ 2013ರಲ್ಲೇ ಬಂದ ಐ5-4570 ಅಥವಾ ಐ7-4770 ಹುಡುಕಿ. ನಿಮ್ಮಂಥ ಅಂಗಡಿಗೆ ನಾಲ್ಕು ಕೋರಿನ ಐ5 ಸಾಕು ಎಂಬುದು ನನ್ನ ಮಾತು. ಐ7ಗೆ ಕೊಡುವ ಹೆಚ್ಚಿನ ದುಡ್ಡು ಬರೀ ಹೆಸರಿಗೆ.

ಕಡಿಮೆ ಬೆಲೆಗೆ ಕ್ಸಿಯಾನ್ (ಇಂಟೆಲ್‌ನ ಸರ್ವರ್ ಪ್ರೊಸೆಸರ್) ಇದೆ, ಐ7ಗೆ ಸಮ ಎಂದು ಕೆಲವರು ತೋರಿಸುತ್ತಾರೆ. ಸಮ ಎನ್ನುವುದು ನಿಜವೇ. ಆದರೆ ಕ್ಸಿಯಾನ್ ಇ3-1230 ವಿ3, 1231 ವಿ3ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ನಿಮ್ಮಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದರಿಂದ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ.

ಬಿಸಿಯ ವಿಚಾರವನ್ನೂ ಮರೆಯಬೇಡಿ. ನಿಮ್ಮ ಐ3ಯ ಲೆಕ್ಕ 54 ವ್ಯಾಟ್, ಐ5-4570 ಮತ್ತು ಐ7-4790ಗಳದ್ದು 84. ಐ3 ಜೊತೆ ಬಂದ ಗಿಡ್ಡ ಅಲ್ಯೂಮಿನಿಯಂ ಕೂಲರನ್ನೇ ಮತ್ತೆ ಕೂರಿಸುವವರಿದ್ದಾರೆ. ಓಡುತ್ತದೆ, ಆದರೆ ಸೆಖೆಗಾಲದ ಮಧ್ಯಾಹ್ನ ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. 84 ವ್ಯಾಟ್ ತಡೆಯುವ ಕೂಲರ್ ಕೇಳಿ. ಇಂಟೆಲ್‌ನ 1155, 1150, 1151 ಸಾಕೆಟ್‌ಗಳಿಗೆ ಕೂಲರ್ ಕೂರುವ ತೂತುಗಳ ಅಂತರ ಒಂದೇ, ಹಾಗಾಗಿ ಸಿಗುವುದು ಕಷ್ಟವಲ್ಲ. ಬದಲಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಹಳೇ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ, ಅದನ್ನು ಪೂರ್ತಿ ಒರೆಸಿ ಹೊಸದನ್ನು ಬಟಾಣಿ ಕಾಳಿನಷ್ಟು ಇಡಬೇಕು. ನಾಲ್ಕು ಪುಶ್‌ಪಿನ್‌ಗಳೂ ಬೋರ್ಡ್ ಹಿಂದೆ ಇಣುಕಬೇಕು. ಒಂದು ಅರ್ಧ ಕೂತಿದ್ದರೂ ಕೂಲರ್ ಒಂದು ಕಡೆ ಎದ್ದಿರುತ್ತದೆ. ಈ ಸಾಕೆಟ್‌ನಲ್ಲಿ ಪಿನ್ನುಗಳಿರುವುದು ಬೋರ್ಡ್‌ನಲ್ಲಿ, ಕೂದಲಿನಷ್ಟು ಸಣ್ಣವು. ಪ್ರೊಸೆಸರ್ ಮೂಲೆಯ ತ್ರಿಕೋನದ ಗುರುತು ನೋಡಿ ಮೇಲಿನಿಂದ ನೇರವಾಗಿ ಇಳಿಸಬೇಕು, ಜಾರಿಸಬಾರದು. ಒಂದೆರಡು ಪಿನ್ ಬಾಗಿದರೆ ಒಂದು ರ‍್ಯಾಮ್ ಸ್ಲಾಟ್ ಸತ್ತಂತೆ ಕಾಣಿಸಬಹುದು. ಆಗ ಮತ್ತೆ ಅದೇ ಕಥೆ: ರ‍್ಯಾಮ್ ಹೋಯಿತು!

ಸೆಕೆಂಡ್‌ಹ್ಯಾಂಡ್ ಪ್ರೊಸೆಸರ್ ಬಗ್ಗೆ ಅಷ್ಟೇನೂ ಅಂಜಬೇಕಿಲ್ಲ, ಬಹುಮಟ್ಟಿಗೆ ಅದಕ್ಕಿಂತ ಮೊದಲು ಬೋರ್ಡೇ ಕೈಕೊಡುತ್ತದೆ. ನಿಮ್ಮ ಬೋರ್ಡ್‌ನ ಕೆಪ್ಯಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಿಸಿ. ಉಬ್ಬಿದ್ದರೆ ಅದಕ್ಕೆ ಐ5, ಐ7 ಯಾವುದನ್ನೂ ಹಾಕಬೇಡಿ.

ಈಗ ಸ್ವಲ್ಪ ಬೇಸರದ ಸಂಗತಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೋಂದಾಯಿಸಿಕೊಂಡ ಸಾಮಾನ್ಯ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವುದಾಗಿ ಪ್ರಕಟಿಸಿತ್ತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆಯಿಂದ ಈಚಿನದು ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ಐ3 ತೆಗೆದು ಐ7 ಹಾಕಿದರೂ ನೀವು ನಾಲ್ಕನೇ ಪೀಳಿಗೆಯಲ್ಲೇ ಇರುತ್ತೀರಿ. ಅಡ್ಡದಾರಿಯಲ್ಲಿ 11 ಹಾಕಿಕೊಡುವವರಿದ್ದಾರೆ, ಓಡುತ್ತದೆ ಕೂಡ. ಮುಂದಿನ ದೊಡ್ಡ ಅಪ್‌ಡೇಟ್ ಬಂದಾಗ ಅಪ್‌ಡೇಟ್ ಆಗುತ್ತದೆ ಎಂಬ ಖಾತರಿ ಇಲ್ಲ. ಬರೀ ಕಾರ್ಡ್ ಡಿಸೈನ್ ಮಾಡುವವರಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ನೀವು ಊರಿನವರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡಿ ಅರ್ಜಿ ಹಾಕುವವರು. ಆ ಕೆಲಸಕ್ಕೆ ಅಪ್‌ಡೇಟ್ ನಿಂತ ಸಿಸ್ಟಮ್ ಸರಿಯಲ್ಲ.

ಇಲ್ಲಿಗೆ ಎರಡನೆಯವರು ಹೇಳಿದ ಪೂರ್ತಿ ಸೆಟ್ ವಿಚಾರ ಬಂತು. ಅವರು ಕೊಟ್ಟ ಕಾರಣ ತಪ್ಪು, ಸಲಹೆ ಮಾತ್ರ ತೀರಾ ತಳ್ಳಿಹಾಕುವಂಥದ್ದಲ್ಲ. ಬದಲಿಸಿದರೆ ನಿಮ್ಮ ರ‍್ಯಾಮ್ ಜೊತೆಗೆ ಬರುವುದಿಲ್ಲ. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4ಕ್ಕೆ 288. ನಡುವಿನ ಕಚ್ಚಿನ ಜಾಗವೂ ಬೇರೆ, ಒತ್ತಿದರೂ ಕೂರದು. ಡಿಡಿಆರ್5ಕ್ಕೂ 288 ಪಿನ್ನೇ ಇದ್ದರೂ ಕಚ್ಚು ಮತ್ತೆ ಬೇರೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ, ಎಸ್‌ಎಸ್‌ಡಿಗೂ ಅದರ ಬಿಸಿ ತಟ್ಟಿದೆ. ಹಾಗಾಗಿ ಬಿಡಿಬಿಡಿಯಾಗಿ ಹೊಸ ಸೆಟ್ ಜೋಡಿಸುವುದಕ್ಕಿಂತ, ಕಚೇರಿಗಳಿಂದ ಬಂದ ಎಂಟನೇ ಪೀಳಿಗೆಯ ಅಥವಾ ಈಚಿನ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವ) ಸಿಸ್ಟಮ್ ರ‍್ಯಾಮ್ ಸಮೇತ ಸಿಗುತ್ತದಾ ನೋಡಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರು ಯಾರಾದರೂ ಇದ್ದರೆ ವಿಚಾರಿಸಿ. ಐ5-8500ರಂಥದ್ದರಲ್ಲಿ ಆರು ಕೋರ್ ಇವೆ, ವಿಂಡೋಸ್ 11 ಅಧಿಕೃತವಾಗಿಯೇ ನಡೆಯುತ್ತದೆ. ಐ7-4790, ಅದರ ಕೂಲರ್, ಕೂಲಿ ಎಲ್ಲ ಸೇರಿ ಇಂಥ ಸಿಸ್ಟಮ್‌ನ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ನಾನು ಐ7 ಕೈಬಿಡುತ್ತೇನೆ.

ಕೊಳ್ಳುವಾಗ ಹೊಸ ಐ5 ಸೆಟ್, ವಾರಂಟಿ ಇದೆ ಎನ್ನುವ ಮಾತಿಗೆ ಮರುಳಾಗಬೇಡಿ. ಬೋರ್ಡ್ ಹೊಸದಾಗಿದ್ದು ಪ್ರೊಸೆಸರ್ ಎರಡನೇ, ಮೂರನೇ ಪೀಳಿಗೆಯದಾಗಿರುವ ಸೆಟ್‌ಗಳು ಈಗಲೂ ಮಾರಾಟವಾಗುತ್ತವೆ, ನಿಮ್ಮಲ್ಲಿರುವುದಕ್ಕಿಂತ ಹಳೆಯವು. ಐ5 ಎಂದಷ್ಟೇ ಹೇಳಿದರೆ ಪೂರ್ತಿ ನಂಬರ್ ಬರೆದುಕೊಡಿ ಅನ್ನಿ.

ಡಿಡಿಆರ್4 ರ‍್ಯಾಮ್ ಇರುವ ಓದುಗರಿಗೆ ದಾರಿ ಇದಕ್ಕಿಂತ ಅಗಲ. ಆರು, ಏಳನೇ ಪೀಳಿಗೆಯ ಸಿಸ್ಟಮ್‌ನ ಡಿಡಿಆರ್4 ಕಡ್ಡಿಗಳನ್ನು ಹನ್ನೆರಡನೇ ಪೀಳಿಗೆಯ ಇಂಟೆಲ್‌ಗೂ ಒಯ್ಯಬಹುದು. ಆದರೆ ಅದಕ್ಕೆ ಬೇಕಾದ ಎಚ್610 ಬೋರ್ಡ್‌ಗಳು ಡಿಡಿಆರ್4, ಡಿಡಿಆರ್5 ಎರಡು ಬಗೆಯಲ್ಲೂ ಬರುವುದರಿಂದ ಡಬ್ಬದ ಮೇಲೆ ಓದಿಯೇ ತರಬೇಕು. ಎಎಂಡಿಯ ಮೊದಲ ರೈಜನ್ ಪ್ರೊಸೆಸರ್ ಕೊಂಡವರಲ್ಲಿ ಹಲವರಿಗೆ ಅದೇ ಎಎಂ4 ಸಾಕೆಟ್‌ನ ಬೋರ್ಡ್, ಅದೇ ರ‍್ಯಾಮ್ ಇಟ್ಟುಕೊಂಡು ಬಯಾಸ್ ಅಪ್‌ಡೇಟ್ ಮಾಡಿ ರೈಜನ್ 5000 ಸರಣಿಗೆ ಹೋಗಲು ಆಗುತ್ತದೆ. ಎಎಂ4ನಲ್ಲಿ ಪಿನ್ನುಗಳಿರುವುದು ಪ್ರೊಸೆಸರ್‌ಗೆ. ಒಣಗಿದ ಪೇಸ್ಟ್‌ಗೆ ಅಂಟಿಕೊಂಡು ಕೂಲರ್ ಜೊತೆ ಪ್ರೊಸೆಸರೂ ಕಿತ್ತು ಬರುವುದುಂಟು, ಆದ್ದರಿಂದ ಬಿಚ್ಚುವ ಮೊದಲು ಸಿಸ್ಟಮ್ ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಎಡಬಲಕ್ಕೆ ತಿರುಚಿ ತೆಗೆಯಿರಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿಕೊಂಡಿರುವವರು ಅದರ ರಿಕವರಿ ಕೀ ಕೈಯಲ್ಲಿಟ್ಟುಕೊಳ್ಳದೆ ಪ್ರೊಸೆಸರ್ ಮುಟ್ಟಬಾರದು. ಲ್ಯಾಪ್‌ಟಾಪ್‌ನವರು ಈ ಯೋಚನೆ ಬಿಡಿ, ಈಚಿನವುಗಳಲ್ಲಿ ಪ್ರೊಸೆಸರ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ.

ನಿಮ್ಮ ಮಟ್ಟಿಗೆ ಕ್ರಮ ಇದು: ಬ್ಯಾಕಪ್, ಟಾಸ್ಕ್ ಮ್ಯಾನೇಜರ್, ಎಸ್‌ಎಸ್‌ಡಿ. ಮುಂದೆ ಹೊಸ ಸಿಸ್ಟಮ್ ಬಂದರೂ ಆ ಎಸ್‌ಎಸ್‌ಡಿ ಅದಕ್ಕೆ ಹೋಗುತ್ತದೆ, ಐ7 ಹೋಗುವುದಿಲ್ಲ. ಆಮೇಲೆ ಅರ್ಜಿ ಕೆಲಸಕ್ಕೆ ಎಂಟನೇ ಪೀಳಿಗೆಯದೊಂದನ್ನು ಹೊಂದಿಸಿಕೊಂಡು, ಇದನ್ನು ಇಂಟರ್ನೆಟ್ ಇಲ್ಲದೆ ಕಾರ್ಡು, ಬ್ಯಾನರ್ ಡಿಸೈನ್‌ಗೆ ಮಾತ್ರ ಇಟ್ಟುಕೊಳ್ಳಬಹುದು. ಇಷ್ಟೆಲ್ಲ ಆದಮೇಲೂ ಪ್ರೊಸೆಸರ್ ಬದಲಿಸಿದಿರಿ ಎಂದಾದರೆ, ಹಳೇ ಐ3ಯನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ. ಅದಕ್ಕೆ ಸಿಗುವ ದುಡ್ಡು ತೀರಾ ಕಡಿಮೆ. ಹೊಸದು ಹಾಕಿ ಡಿಸ್‌ಪ್ಲೇ ಬರದಿದ್ದಾಗ ಕೆಟ್ಟಿರುವುದು ಬೋರ್ಡೋ, ಬಯಾಸೋ, ಪ್ರೊಸೆಸರೋ ಎಂದು ಪರೀಕ್ಷಿಸಲು ನಿಮ್ಮ ಬಳಿ ಇರುವುದು ಅದೊಂದೇ.